ಉಲ್ಟಾ ತಿರುಗುವ ವಾಲ್ವು
ಹಿತ್ತಿಲ ಗಿಡಗಳಿಗೆ ನೀರು ಬಿಡುವ ವಾಲ್ವಿನ ಒಳಗಿನ ತಿರುಪು ಸವೆದಿತ್ತು. ಹೊಸಪೇಟೆಯ ಲೇತ್ ಅಂಗಡಿಗಳಿಗೆ ಆಗ ಅದಿರು ಲಾರಿಗಳ ಕೆಲಸವೇ ಮುಗಿಯುತ್ತಿರಲಿಲ್ಲ; ಇಂಥ ಸಣ್ಣ ಕೆಲಸ ಯಾರೂ ಹಿಡಿಯುತ್ತಿರಲಿಲ್ಲ.

“ಹೊಸಾದು ತರ್ರಿ” ಎಂದಳು ಹೆಂಡತಿ.

ನನಗೆ ರೇಗಿತು. ಮನೆಯಲ್ಲೇ ನನ್ನ ಪುಟ್ಟ ಲೇತ್ ಇರುವಾಗ ಹೊಸದೇಕೆ? ಹಿತ್ತಾಳೆ ಸರಳು ಕಡೆದು ತಿರುಪನ್ನೂ ಅದಕ್ಕೊಂದು ನಟ್ಟನ್ನೂ ಮಾಡಿ ಕೂರಿಸಿದೆ. ಒಂದು ಹನಿಯೂ ಸೋರಲಿಲ್ಲ. ಆದರೆ ಥ್ರೆಡ್ ಉಲ್ಟಾ ಕೊರೆದಿದ್ದೆ; ಎಡಕ್ಕೆ ತಿರುಗಿಸಿದರೆ ಮುಚ್ಚುತ್ತಿತ್ತು, ಬಲಕ್ಕೆ ತಿರುಗಿಸಿದರೆ ತೆರೆಯುತ್ತಿತ್ತು. ನಮಗೇನೋ ರೂಢಿಯಾಯಿತು. ಬಂದ ನೆಂಟರು ಮಾತ್ರ ಮುಚ್ಚಲು ಹೋಗಿ ಪೂರ್ತಿ ತೆರೆದುಬಿಡುತ್ತಿದ್ದರು. ಪೈಪು ನೆಗೆದು, ಅದಿರಿನ ಕೆಂಪು ಧೂಳು ಹಿಡಿದ ಮಲ್ಲಿಗೆ ಬಳ್ಳಿಯನ್ನೆಲ್ಲ ತೋಯಿಸುತ್ತಿತ್ತು.

“ಬಿಚ್ಚಿ ಸರಿ ಮಾಡ್ಲೇನು?” ಎಂದೆ.

“ಬ್ಯಾಡ ಬಿಡ್ರಿ” ಎಂದು ನಕ್ಕಳು. “ನೆಂಟ್ರು ಬಂದಾಗರ ಮಲ್ಲಿಗಿ ಹಸರ್ ಕಾಣ್ತೈತಿ.”