ಮೇಲಿನ ಹಲ್ಲೋ ಕೆಳಗಿನ ಹಲ್ಲೋ

ನನ್ನ ಮಗಳಿಗೆ ಹಲ್ಲು ಬರುವ ಕಾಲಕ್ಕೆ ನಮ್ಮ ಮನೆಯಲ್ಲಿ ನಿದ್ದೆ ಮಾಡುತ್ತಿದ್ದವರು ನನ್ನ ಗಂಡ ಒಬ್ಬರೇ. ಮಗು ಕಿರುಚಿದರೆ ಮಗ್ಗುಲು ಬದಲಿಸಿ, "ಹಸಿವೇನೋ ನೋಡೇ" ಎನ್ನುತ್ತಿದ್ದರು. ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತ "ರಾತ್ರಿ ಸದ್ದೇ ಇರ್ಲಿಲ್ಲ, ಅಲ್ವಾ?" ಎಂದು ಕೇಳಿದಾಗ ಆ ಲೋಟವನ್ನು ಕಿತ್ತುಕೊಂಡು ಅವರ ತಲೆಯ ಮೇಲೇ ಸುರಿಯೋಣ ಅನಿಸಿತ್ತು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮದರಾಸಿನ ಬೇಸಿಗೆ ಬೇರೆ. ಜೊಲ್ಲು ಸುರಿದು ಮಗುವಿನ ಕತ್ತಿನ ತುಂಬ ಬೆವರುಸಾಲೆ. ನಾನು ಮೈಸೂರಿನಿಂದ ಮದುವೆಯಾಗಿ ಕೋಡಂಬಾಕ್ಕಂಗೆ ಬಂದವಳು. ಅತ್ತೆ ಹುಟ್ಟಿ ಬೆಳೆದದ್ದೇ ಮದರಾಸು. ಅವರು ಬಜೆ ತೇಯ್ದು ನಾಲಿಗೆಗೆ ಸವರು ಎನ್ನುವರು, ಎದುರುಮನೆಯ ಮಾಮಿ ವಸಡಿಗೆ ಜೇನುತುಪ್ಪ ತಿಕ್ಕು ಎನ್ನುವರು, ಡಾಕ್ಟರು ಎರಡೂ ಬೇಡ ಎನ್ನುವರು. ಒಂದೊಂದು ದಿನ ಒಬ್ಬೊಬ್ಬರ ಮಾತು ಕೇಳಿದೆ. ಮಗು ಮಲಗಲಿಲ್ಲ.

ಅದು ಮಲಗುತ್ತಿದ್ದುದು ಒಂದೇ ಜಾಗದಲ್ಲಿ, ನನ್ನ ತಮ್ಮನ ಹೆಗಲ ಮೇಲೆ. ಅವನು ಹತ್ತಿರದ ಒಂದು ಸಿನಿಮಾ ಸ್ಟುಡಿಯೋದಲ್ಲಿ ಲೈಟ್ ಕೆಲಸಕ್ಕಿದ್ದ. ಛಾವಣಿಯ ಕೆಳಗೆ ಹಗ್ಗದಲ್ಲಿ ತೂಗುಬಿಟ್ಟ ಹಲಗೆಗಳ ಮೇಲೆ ನಿಂತು ದೊಡ್ಡ ದೊಡ್ಡ ದೀಪಗಳನ್ನು ತಿರುಗಿಸಬೇಕು. ವಡಪಳನಿಯಲ್ಲಿ ಅವನ ರೂಮು. ಮಧ್ಯಾಹ್ನ ಊಟಕ್ಕೆ ನಮ್ಮಲ್ಲಿಗೆ ಬಂದು, ಮಗುವನ್ನು ಹೆಗಲಿಗೆ ಹಾಕಿಕೊಂಡು ಜಗಲಿಯಲ್ಲಿ ಅಡ್ಡಾಡುತ್ತ ಮೂಗಿನಲ್ಲೇ "ಹ್ಞೂಂ" ಎಂದು ಒಂದೇ ಸಮ ಎಳೆಯುತ್ತಿದ್ದ. ಅದು ಯಾವ ರಾಗವೂ ಅಲ್ಲ, ಸ್ಟುಡಿಯೋದ ಜನರೇಟರಿನ ಸದ್ದು. ಮಗು ಅವನ ಅಂಗಿಯ ಕಾಲರು ಕಚ್ಚಿಕೊಂಡು ನಿದ್ದೆ ಹೋಗುತ್ತಿತ್ತು. ಆ ಹೊತ್ತಿನಲ್ಲಿ ನಾನೂ ಗೋಡೆಗೊರಗಿ ಕಣ್ಣು ಮುಚ್ಚುತ್ತಿದ್ದೆ. ನನಗೆ ದಕ್ಕುತ್ತಿದ್ದ ನಿದ್ದೆ ಅಷ್ಟೇ.

ಮಗುವಿಗೆ ನೀರೆರೆಯಲೆಂದೇ ಒಬ್ಬ ಆಯಾ ಬರುತ್ತಿದ್ದಳು. ಬಚ್ಚಲಲ್ಲಿ ಮಣೆಯ ಮೇಲೆ ಕಾಲು ನೀಡಿ ಕೂತು, ಮಗುವಿನ ತಲೆ ತನ್ನ ಪಾದದ ಕಡೆಗೆ ಬರುವಂತೆ ಕಾಲಿನ ಮೇಲೆ ಅಂಗಾತ ಮಲಗಿಸಿಕೊಳ್ಳುವಳು. ಅತ್ತೆ ಅವಳ ಎದುರಿಗೆ, ಮಗುವಿನ ತಲೆಯ ಕಡೆ ನಿಂತು ಚೊಂಬಿನಲ್ಲಿ ಬಿಸಿನೀರು ಹೊಯ್ಯುವರು. ಒಂದು ದಿನ ನಾನು ಒಲೆಯ ಮುಂದಿದ್ದಾಗ ಅತ್ತೆ ಬಚ್ಚಲಿಂದ ಕೂಗಿಕೊಂಡರು.

"ಅಯ್ಯಯ್ಯೋ, ಮೇಲ್ಗಡೆ ಹಲ್ಲು ಬಂದ್ಬಿಟ್ಟಿದೆ ಕಣೇ! ತಾಯ್ ಮಾಮನ್ಗೆ ಆಗಾದು!"

ಮೇಲಿನ ಹಲ್ಲು ಮೊದಲು ಬಂದರೆ ಸೋದರಮಾವನಿಗೆ ಕೇಡು ಎಂಬ ಮಾತನ್ನು ಮೈಸೂರಿನಲ್ಲೂ ಕೇಳಿದ್ದೆ. ಬೇರೆಯವರ ಮನೆಯ ಮಗುವಿನ ವಿಷಯವಾದಾಗ ನಕ್ಕೂ ಇದ್ದೆ. ಈಗ ನಗು ಬರಲಿಲ್ಲ. ನನಗಿದ್ದವನು ಅವನೊಬ್ಬನೇ ತಮ್ಮ, ಅವನು ದಿನವೆಲ್ಲ ನಿಲ್ಲುವುದು ಆ ಹಲಗೆಯ ಮೇಲೆ. ಬಾಯಿ ಬಿಡಿಸಿ ನೋಡಹೋದರೆ ಮಗು ತುಟಿ ಬಿಗಿದು ತಲೆ ಒದರುತ್ತಿತ್ತು. ಅಳುವಾಗ ನಾಲಿಗೆ ಅಡ್ಡ ಬಂದು ಕೆಳಗಿನ ವಸಡು ಕಾಣದು, ತುಟಿ ಮುಚ್ಚಿ ಮೇಲಿನದೂ ಕಾಣದು. ಬೆರಳಿಟ್ಟರೆ ಮೇಲೂ ಗಟ್ಟಿ, ಕೆಳಗೂ ಗಟ್ಟಿ. ನನಗೆ ಒಂದೂ ತಿಳಿಯಲಿಲ್ಲ.

"ಶಾಂತಿ ಮಾಡ್ಸೋವರ್ಗೂ ನಿನ್ ತಮ್ಮ ಮಗು ಮುಖ ನೋಡ್ಬಾರ್ದು" ಎಂದರು ಅತ್ತೆ. "ಯಾಕೇಂತ ಅವನ್ಗೆ ಹೇಳೂ ಬಾರ್ದು. ಹೇಳಿದ್ರೆ ತಟ್ಟುತ್ತೆ."

ಗಂಡನನ್ನು ಕೇಳಿದೆ. "ಇದೆಲ್ಲ ಮೂಢನಂಬಿಕೆ" ಎಂದರು. ಉಸಿರು ಬಿಡುವಷ್ಟರಲ್ಲಿ "ಆದ್ರೂ ಅಮ್ಮ ಹೇಳಿದ್ಮೇಲೆ ಸರಿಯಾಗೇ ಇರುತ್ತೆ" ಎಂದೂ ಅವರೇ ಹೇಳಿದರು.

ಮಾರನೆಯ ಮಧ್ಯಾಹ್ನ ತಮ್ಮ ಬಂದಾಗ ಅತ್ತೆ ಮಗುವನ್ನು ಒಳಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡರು. ನಾನು ಜಗಲಿಯಲ್ಲೇ ತಟ್ಟೆ ಇಟ್ಟೆ.

"ಮಗು ಎಲ್ಲಕ್ಕ?"

"ಮಲಗಿದೆ ಕಣೋ."

ಒಳಗಿಂದ ಮಗು ಸೂರು ಹಾರಿಹೋಗುವಂತೆ ಅಳುತ್ತಿತ್ತು. ಅವನು ನನ್ನ ಮುಖ ನೋಡಿದ, ಬಾಗಿಲು ನೋಡಿದ. ಅನ್ನಕ್ಕೆ ಮಜ್ಜಿಗೆ ಸುರಿದುಕೊಂಡು ಉಂಡು ಎದ್ದ. ಮರುದಿನವೂ ಅದೇ ಸುಳ್ಳು, ಅದೇ ಅಳು. ಆಮೇಲೆ ಅವನು ಬರುವುದನ್ನೇ ಬಿಟ್ಟ.

ಮುನಿಸಿಕೊಂಡನೋ, ಮೇಲಿಂದ ಬಿದ್ದನೋ? ಬಾರದಿದ್ದರೆ ಸಾಕು ಎಂದವಳೂ ನಾನೇ, ಯಾಕೆ ಬರಲಿಲ್ಲ ಎಂದು ಬೀದಿ ಕಾಯುವವಳೂ ನಾನೇ. ನಿದ್ದೆಗೆಟ್ಟ ತಲೆಗೆ ಹುಳಿಗೆ ಉಪ್ಪು ಹಾಕಿದೆನೋ ಇಲ್ಲವೋ ಎಂಬುದೇ ನೆನಪಿರುತ್ತಿರಲಿಲ್ಲ, ಇನ್ನು ಇದನ್ನು ಹೇಗೆ ಬಗೆಹರಿಸಲಿ? ಮಧ್ಯಾಹ್ನವಾದರೆ ಮಗು ಬೀದಿಬಾಗಿಲ ಕಡೆಗೇ ಕತ್ತು ತಿರುಗಿಸಿ ಅಳುತ್ತಿತ್ತು.

ಅತ್ತೆಗೆ ಸೊಂಟ ಹಿಡಿದುಕೊಂಡ ಒಂದು ಬೆಳಿಗ್ಗೆ ಚೊಂಬು ನನ್ನ ಕೈಗೆ ಬಂತು. ಅವರು ನಿಲ್ಲುತ್ತಿದ್ದ ಜಾಗದಲ್ಲೇ, ಆಯಾಳ ಎದುರಿಗೆ ನಿಂತು ನೀರು ಹೊಯ್ದೆ. ಮಗು ತಲೆ ಹಿಂದಕ್ಕೆ ಚೆಲ್ಲಿ ಬಾಯಿ ತೆರೆದು ಚೀರಿತು. ಮೇಲ್ಗಡೆ ಅಕ್ಕಿನುಚ್ಚಿನಷ್ಟು ಬೆಳ್ಳಗೆ ಹಲ್ಲು! ಆಮೇಲೆ ಕಣ್ಣಿಗೆ ಬಿತ್ತು: ಆ ಹಲ್ಲಿಗಿಂತ ಮೇಲೆ ಇದ್ದುದು ಮೂಗಲ್ಲ, ಮಗುವಿನ ಗದ್ದ. ಹಣೆ ನನ್ನ ಕಾಲ ಬಳಿ ಇತ್ತು. ನಾನು ಮಗುವನ್ನು ತಲೆಕೆಳಗಾಗಿ ನೋಡುತ್ತಿದ್ದೆ. ಚೊಂಬು ಇಟ್ಟು ಆಯಾಳ ಬೆನ್ನ ಹಿಂದೆ ಹೋಗಿ ಬಗ್ಗಿ ನೋಡಿದೆ. ಹಲ್ಲು ಕೆಳಗಿನದೇ.

ಅತ್ತೆಗೆ ಹೇಳಿದರೆ, "ನಂಗ್ ಕಂಡಿದ್ದು ನಾನ್ ಹೇಳ್ದೆ" ಎಂದು ಗೋಡೆಯ ಕಡೆ ಹೊರಳಿದರು. ಸಾಂಬ್ರಾಣಿ ಹೊಗೆಯನ್ನೂ ಹಿಡಿಯದೆ, ಮಗುವಿನ ಒದ್ದೆ ತಲೆಗೆ ಸೆರಗು ಹೊದಿಸಿ ಸ್ಟುಡಿಯೋಗೆ ನಡೆದೆ.

ಗೇಟಿನವನು ಒಳಗೆ ಹೇಳಿಕಳಿಸಿದ. ತಮ್ಮ ಬಂದ, ಮೈತುಂಬ ಧೂಳು. ನೆಟ್ಟಗೆ ನಡೆದು ಬರುತ್ತಿದ್ದ ಅವನನ್ನು ಕಂಡು ನನಗೆ ಅಳು ಬಂತು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ.

"ನಾನೇನ್ ತಪ್ಪು ಮಾಡಿದ್ನೋ ಅಂತ ಯೋಚ್ನೆ ಮಾಡಿ ಮಾಡಿ ಸಾಕಾಯ್ತು" ಎಂದ. "ನೀನೂ ಇದನ್ನ ನಂಬಿದ್ಯಾ ಅಕ್ಕ?"

"ಇಲ್ಲ ಕಣೋ."

"ಮತ್ಯಾಕೆ ಮಗೂನ ಬಚ್ಚಿಟ್ಟೆ?"

"ನಿಂಗೇನಾದ್ರೂ ಆಗಿದ್ರೆ?"

ಅವನು ಮಗುವಿನ ಕಡೆ ಕೈ ನೀಡಿದ. ಮಗು ಅವನ ಹೆಗಲಿಗೆ ಹಾರಿ ಕಾಲರು ಬಾಯಿಗಿಟ್ಟುಕೊಂಡಿತು. ಗೇಟಿನ ಪಕ್ಕದ ಬೇವಿನ ಮರದಡಿ ಹ್ಞೂಂ ಎನ್ನುತ್ತ ಅಡ್ಡಾಡಿದ. ನೋಡನೋಡುತ್ತಿದ್ದಂತೆ ಮಗು ನಿದ್ದೆ ಹೋಯಿತು. ಒಳಗಿಂದ ಯಾರೋ ಅವನನ್ನು ಕೂಗಿದರು. ಮೆಲ್ಲಗೆ ಮಗುವನ್ನು ನನ್ನ ಹೆಗಲಿಗೆ ದಾಟಿಸಿ ಹೊರಟ.

"ಇವತ್ತೊಂದಿನ ಮೇಲೆ ಹತ್ಬೇಡ್ವೋ" ಎಂದೆ.

"ಕೆಳಗಿನ ಹಲ್ಲು ಅಂದ್ಯಲ್ಲಕ್ಕ!" ಎಂದು ನಕ್ಕು ಒಳಗೆ ಹೋದ.

ಮಗು ನಿದ್ದೆ ಮಾಡುತ್ತಿತ್ತು. ಮನೆಗೆ ಹೋದರೆ ನಾನೂ ಮಲಗಬಹುದಿತ್ತು. ಅವನು ಕೆಳಗಿಳಿದು ಬರುವವರೆಗೂ ಗೇಟಿನ ಹತ್ತಿರವೇ ನಿಂತಿದ್ದೆ.