ಬಿದ್ದ ಮೇಲಿನ ಪೆಟ್ಟು

ಅವನು ನನಗೆ ಎಷ್ಟು ಸಲ ಹೊಡೆದ ಎಂಬುದು ನನಗೆ ಗೊತ್ತಿಲ್ಲ. ಒಂದು ಪೆಟ್ಟು ಬಿದ್ದದ್ದು ನಿಜ. ಎಡಗಿವಿಯ ಮೇಲೆ ಕೂದಲು ಹುಟ್ಟದ ಒಂದು ಗೆರೆ ಈಗಲೂ ಇದೆ. ನಾನು ನೆಲಕ್ಕೆ ಬಿದ್ದ ಮೇಲೂ ಹೊಡೆದನೇ? ಹೊಡೆದ ಎಂದು ಪೊಲೀಸರಿಗೆ ಹೇಳಿದ್ದೇನೆ, ಅವರು ಮಲಯಾಳದಲ್ಲಿ ಬರೆದುಕೊಂಡದ್ದಕ್ಕೆ ರುಜು ಹಾಕಿದ್ದೇನೆ. ಅವನ ಕೈಯಲ್ಲಿದ್ದ ಹೆಲ್ಮೆಟ್ ಮತ್ತೆ ಮೇಲೇಳುವುದು, ಅದರ ಹಿಂದೆ ಬಸ್ಸು ತಂಗುದಾಣದ ತಗಡಿನ ಮಾಡು, ಅವನ ತೆರೆದ ಬಾಯಿ, ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಆದರೆ ಆ ತಂಗುದಾಣದ ಮಾಡು ತಗಡಿನದ್ದಲ್ಲ. ಕಾಂಕ್ರೀಟಿನದ್ದು. ನಾನು ದಿನಾ ಬಸ್ಸಿಳಿಯುತ್ತಿದ್ದ ಜಾಗ ಅದು.

ಯಾರಿಗೂ ತಕರಾರಿಲ್ಲದ ಭಾಗ ಇಷ್ಟು. ಗಡಿನಾಡಿನ ಬಂದ್ಯೋಡು, ಶಾಲೆಗಳು ಬಿಡುವ ಹೊತ್ತು. ನಾನು ಮಾಷ್ಟ್ರು, ಕಲಿಸುವುದು ಬೇರೆ ಕಡೆ. ಅಲ್ಲಿ ಇಳಿದು ಸರ್ವಿಸ್ ರೋಡಿನಲ್ಲಿ ಮನೆಗೆ ನಡೆಯುತ್ತಿದ್ದೆ. ತಂಗುದಾಣದ ಹಿಂದೆ ಮೂರ್ನಾಲ್ಕು ಪ್ಲಸ್ ಟು ಹುಡುಗರು ತಮಗಿಂತ ಒಂದು ವರ್ಷ ಕಿರಿಯ, ಪ್ಲಸ್ ವನ್ನಿನ ಒಬ್ಬನನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರು. ಅಂಗಿಯ ಮೇಲಿನ ಗುಂಡಿ ಹಾಕದೆ ಬಂದದ್ದು ಅವನ ತಪ್ಪು. ಬಿಚ್ಚಿಕೊಂಡು ತಿರುಗುವ ಅಧಿಕಾರ ಹಿರಿಯ ಹುಡುಗರಿಗೆ ಮಾತ್ರವಂತೆ. ಕೆನ್ನೆಗೆ ಒಂದು ಬಿದ್ದ ಸದ್ದು ಕೇಳಿ ನಾನು ನಡುವೆ ಹೋದೆ. ಹೊಡೆದವನ ಕಾಲರ್ ಹಿಡಿದೆನೋ, ಬರೇ ಕೈ ಅಡ್ಡ ಹಿಡಿದೆನೋ, ಅದೂ ಸ್ಪಷ್ಟವಿಲ್ಲ. “ನಿನ್ನಂಥವರನ್ನು ಒಳಗೆ ಹಾಕಬೇಕು” ಎಂದು ನಾನು ಹೇಳಿದ್ದನ್ನು ಪೆಟ್ಟು ತಿಂದ ಹುಡುಗ ಕೇಳಿದ್ದಾನಂತೆ. ನನಗೆ ಹಾಗೆ ಹೇಳಿದ ನೆನಪಿಲ್ಲ. ಹೇಳಿರಲಾರೆ ಎನ್ನುವ ಧೈರ್ಯವೂ ಇಲ್ಲ. ಹೊಡೆದವನಿಗೆ ಹದಿನೇಳು. ಅವನ ಕೈಯಲ್ಲಿ ಯಾರದೋ ಬೈಕಿನ ಹೆಲ್ಮೆಟ್ ಇತ್ತು.

ಒಳಗೆ ಹಾಕಬೇಕು ಎಂಬಂಥ ಮಾತು ನನ್ನದಲ್ಲ ಎಂದುಕೊಂಡೇ ಬದುಕಿದವನು ನಾನು. ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರ ಓದುತ್ತಿದ್ದಾಗ, ಘೋರ ಅಪರಾಧ ಮಾಡಿದ ಹದಿನಾರು ದಾಟಿದವರನ್ನು ದೊಡ್ಡವರಂತೆ ವಿಚಾರಣೆ ಮಾಡಬಹುದು ಎಂಬ ಕಾನೂನು ಬಂತು. ಹಾಸ್ಟೆಲಿನ ಮೆಸ್ಸಿನಲ್ಲಿ ಕೈ ಒಣಗುವ ತನಕ ಅದರ ವಿರುದ್ಧ ವಾದಿಸಿದ್ದೆ. ಶಿಕ್ಷೆ ಎಂದರೆ ಸಮಾಜ ತನ್ನ ಸಿಟ್ಟಿಗೆ ತೊಡಿಸಿದ ಇಸ್ತ್ರಿ ಅಂಗಿ ಎಂದು ಒಂದು ಸಭೆಯಲ್ಲಿ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೆ. ಆ ವಾಕ್ಯವನ್ನು ತರಗತಿಯಲ್ಲಿ ಈಗಲೂ ಹೇಳುತ್ತೇನೆ. ಇಲ್ಲ, ಹೇಳುತ್ತಿದ್ದೆ.

ಮಂಗಳೂರಿನ ಆಸ್ಪತ್ರೆಯಲ್ಲಿ ಎಚ್ಚರವಾದ ಮೇಲಿನ ಮೊದಲ ನೆನಪು ಕಿತ್ತಳೆ ಹಣ್ಣಿನ ವಾಸನೆ. ನಮ್ಮಲ್ಲಿ ಒಬ್ಬರು ಆಸ್ಪತ್ರೆ ಸೇರಿದರೆ ನೋಡಲು ಹೋಗದಿರುವುದು ಮದುವೆ ತಪ್ಪಿಸುವುದಕ್ಕಿಂತ ದೊಡ್ಡ ಅಪರಾಧ. ಬಂದವರು ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, ಮಂಚದ ಕಾಲಬುಡದಲ್ಲಿ ನಿಂತು, “ಎಂತ ಆದದ್ದು?” ಎಂದು ಕೇಳಬೇಕು; ಮನೆಯವರು ಮೊದಲಿನಿಂದ ಹೇಳಬೇಕು. ಆ ಕೆಲಸವನ್ನು ಅಕ್ಕನ ಗಂಡ ವಹಿಸಿಕೊಂಡರು. ಭಾವ ಬೆಳ್ಳೂರಿನಿಂದ ದಿನಾ ಬಸ್ಸು ಹಿಡಿದು ಬರುತ್ತಿದ್ದರು. ಹೊಡೆತ ಬಿದ್ದಾಗ ಅವರು ಅಲ್ಲಿರಲಿಲ್ಲ. ಆದರೂ ಪ್ರತಿ ಹೊಸ ಗುಂಪಿಗೆ ಹೇಳುವಾಗ ಕಥೆ ಸ್ವಲ್ಪ ಬಲಿಯುತ್ತಿತ್ತು.

“ಬಿದ್ದವನಿಗೆ ಹೊಡೀತಾರಾ ಯಾರಾದ್ರೂ? ಇವ ಬಿದ್ದ ಮೇಲೆ ಮತ್ತೆ ಎರಡು ಕೊಟ್ಟಿದ್ದಾನೆ.”

“ಎರಡಾ?”

“ಎರಡು. ಜಾಸ್ತಿಯೂ ಇರ್ಬಹುದು.”

ಒಮ್ಮೆ ನಾನು ದಿಂಬಿನಿಂದ ತಲೆ ಎತ್ತದೆ, “ಭಾವ, ಅದು ಹಾಗೆಯಾ ಅಂತ ನನಗೆ ಸರಿ ಗೊತ್ತಿಲ್ಲ” ಎಂದೆ.

“ನೀನು ಸುಮ್ಮನೆ ಮಲಕ್ಕೊ ಮಾರಾಯ. ನಿನಗೆ ನೆನಪು ಎಲ್ಲಿ ಉಂಟು?”

ಎಲ್ಲರೂ ನಕ್ಕರು. ನೆರೆಮನೆಯ ಹಿರಿಯರೊಬ್ಬರು, “ಮಾಷ್ಟ್ರ ತಲೆಗೆ ಪೆಟ್ಟು ಬಿದ್ದದ್ದು ಮಕ್ಕಳ ಪುಣ್ಯ. ಇನ್ನಾದ್ರೂ ಅರ್ಥ ಆಗುವ ಹಾಗೆ ಪಾಠ ಮಾಡಿಯಾರು” ಎಂದರು. ನಾನೂ ನಕ್ಕೆ, ಹೊಲಿಗೆ ಎಳೆಯಿತು.

ಪೊಲೀಸರು ಗಡಿ ದಾಟಿ ನನ್ನ ಹೇಳಿಕೆ ಪಡೆಯಲು ಬರುವ ಹೊತ್ತಿಗೆ ನಾನು ಆ ಕಥೆಯನ್ನು ಎಷ್ಟು ಸಲ ಕೇಳಿದ್ದೆನೆಂದರೆ, ಹೇಳುವಾಗ ಎಲ್ಲಿಯೂ ತಡವರಿಸಲಿಲ್ಲ. ಕೇಳಿದ್ದು ಕಂಡದ್ದರೊಳಗೆ ಬೆರೆತುಹೋಗುತ್ತದೆ, ಸಾಕ್ಷಿಯ ನೆನಪನ್ನು ಹಾಗೆಯೇ ನಂಬಬೇಡಿ ಎಂದು ಮಕ್ಕಳಿಗೆ ಕಲಿಸಿದವನು ನಾನೇ. ಅದು ಬೇರೆಯವರ ನೆನಪಿನ ಬಗ್ಗೆ ಎಂದು ತಿಳಿದಿದ್ದೆನೋ ಏನೋ.

ಹೊಡೆದ ಹುಡುಗನನ್ನು, ವಿಚಾರಣೆಯ ತನಕ ಅಂಥ ಮಕ್ಕಳನ್ನು ಇಡುವ ಒಬ್ಸರ್ವೇಶನ್ ಹೋಮಿನಲ್ಲಿ ಇರಿಸಿದರು. ನಾನು ಮನೆಗೆ ಬಂದು ಸ್ವಲ್ಪ ದಿನಗಳಾದ ಮೇಲೆ ಅವನ ತಾಯಿಯ ಅಣ್ಣ ಅಡೂರಿನಿಂದ ಬಂದರು. ಕೆಂಪುಕಲ್ಲಿನ ಲಾರಿ ಓಡಿಸುವವರು. ತಂದೆ ಬದುಕಿದ್ದರೂ ಇಂಥ ಮಾತಿಗೆ ಮಾವನೇ ಬರಬೇಕು ಎಂಬುದು ಅವರ ಕಡೆಯ ಪದ್ಧತಿ. ಸೀಯಾಳದ ಗೊನೆಯನ್ನು ಜಗಲಿಯಲ್ಲಿಟ್ಟು, ಎರಡು ಸಲ ಹೇಳಿದ ಮೇಲೆ ಕುಳಿತರು.

“ಮಾಷ್ಟ್ರೇ, ತಪ್ಪು ನಮ್ಮ ಹುಡುಗಂದೇ. ಅದರಲ್ಲಿ ಎರಡು ಮಾತಿಲ್ಲ. ಕೇಸು ಅದರಷ್ಟಕ್ಕೆ ನಡೀಲಿ, ಅದನ್ನು ತೆಗೀರಿ ಅಂತ ಹೇಳ್ಲಿಕ್ಕೆ ಬಂದದ್ದಲ್ಲ. ಅವ ಹೊರಗೆ ಬಂದ ಕೂಡ್ಲೇ ದೈವದ ಎದುರು ತಪ್ಪುಕಾಣಿಕೆ ಹಾಕಿಸ್ತೇನೆ. ನೀವು ಬಂದು ನಿಲ್ಲಬೇಕು.”

ಹೇಗೆ ಎಂದು ನನಗೆ ಗೊತ್ತಿತ್ತು. ತಪ್ಪು ಮಾಡಿದವನು ಊರವರ ಎದುರು ಕಾಣಿಕೆ ಹಾಕಿ, ಏನು ಮಾಡಿದೆನೆಂದು ಬಾಯಿಬಿಟ್ಟು ಹೇಳಬೇಕು. ನೊಂದವನು ಎದುರಿಗೇ ನಿಂತು ಕೇಳಬೇಕು. ಆಮೇಲೆ ಆ ವಿಷಯವನ್ನು ಯಾರೂ, ಯಾವ ಜಗಳದಲ್ಲೂ, ಎತ್ತುವಂತಿಲ್ಲ.

“ಪರೀಕ್ಷೆ ಹತ್ತಿರ ಬಂತು,” ಎಂದರು ಅವರು. “ಪ್ರೊಬೇಶನ್ ಆಫೀಸರು ನಿಮ್ಮ ಹತ್ರ ಕೇಳ್ಲಿಕ್ಕೆ ಬರ್ತಾರಂತೆ. ನೀವೊಂದು ಒಳ್ಳೆ ಮಾತು ಹೇಳಿದ್ರೆ ಮನೆಗೆ ಬಿಟ್ಟಾರು ಅಂತ ವಕೀಲರು ಹೇಳಿದ್ರು. ಪ್ಲಸ್ ಟು ಒಂದು ಆದ್ರೆ ಅವನಿಗೆ ಎಂತಾದ್ರೂ ದಾರಿ ಉಂಟು.”

“ನನಗೆ ಈ ದೈವ, ಕಾಣಿಕೆ ಇದರಲ್ಲಿ ನಂಬಿಕೆ ಇಲ್ಲ,” ಎಂದೆ. “ಅಲ್ಲಿ ಅವನಿಗೆ ಕೌನ್ಸೆಲಿಂಗ್ ಉಂಟು. ಇಂಥ ಮಕ್ಕಳಿಗೆ ಅದೇ ಮುಖ್ಯ. ಅದು ಶಿಕ್ಷೆ ಅಂತ ನೀವು ತಿಳ್ಕೊಳ್ಳಬೇಡಿ.”

“ಹಾಗಾದ್ರೆ ಅಲ್ಲಿದ್ರೆ ಅವನಿಗೆ ಒಳ್ಳೇದಾ?”

“ಹೌದು.”

“ಸರಿ. ನೀವು ಓದಿದವರು,” ಎಂದರು. ಅದರಲ್ಲಿ ಕುಟುಕು ಇರಲಿಲ್ಲ. ನನ್ನ ಮಾತನ್ನು ನಂಬಿ, ಬಂದದ್ದಕ್ಕಿಂತ ಸ್ವಲ್ಪ ಹಗುರವಾಗಿಯೇ ಮೆಟ್ಟಿಲಿಳಿದರು. ಅದನ್ನು ಮಾತ್ರ ನನ್ನ ನೆನಪು ತಿದ್ದಿಲ್ಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ; ತಿದ್ದಬಹುದಾಗಿದ್ದರೆ ಬೇರೆ ರೀತಿ ತಿದ್ದಿಕೊಳ್ಳುತ್ತಿದ್ದೆ.

ನಿಜವೇನೆಂದರೆ ನನಗೆ ಹೆದರಿಕೆಯಾಗಿತ್ತು. ಶಾಲೆಗೆ ಮರಳಿದ ಮೇಲೆ ನಾನು ಬಂದ್ಯೋಡಿನಲ್ಲಿ ಇಳಿಯುತ್ತಿರಲಿಲ್ಲ. ಒಂದು ಸ್ಟಾಪ್ ಮೊದಲೇ ಇಳಿದು, ಗದ್ದೆಯ ಬದಿಯ ದಾರಿಯಲ್ಲಿ ಸುತ್ತುಹಾಕಿ ಬರುತ್ತಿದ್ದೆ. ಡಾಕ್ಟರು ನಡೆಯಲು ಹೇಳಿದ್ದಾರೆ ಎಂದು ಹೆಂಡತಿಗೆ ಹೇಳಿದ್ದೆ. ಹಿಂದೆ ಮುಂದೆ ಹುಡುಗರ ಗುಂಪು ಕಂಡರೆ ಮೊಬೈಲು ನೋಡುವವನಂತೆ ನಿಂತು ಅವರನ್ನು ದಾಟಿಹೋಗಲು ಬಿಡುತ್ತಿದ್ದೆ. ಅವನು ಬೀಗದ ಒಳಗಿದ್ದಾನೆ ಎನ್ನುವುದರಿಂದ ನನಗೆ ನಿದ್ದೆ ಬರುತ್ತಿತ್ತು. ಈ ಸಮಾಧಾನಕ್ಕೆ ನನ್ನ ಬಳಿ ಒಂದು ಗೌರವದ ಹೆಸರಿತ್ತು, ಸುಧಾರಣೆ. ಬೇರೆ ಜನರಂತೆ ‘ಕೊಳೆಯಲಿ ಅಲ್ಲಿ’ ಎಂದಿದ್ದರೆ ನನಗೇ ನನ್ನ ಗುರುತು ಸಿಗುತ್ತಿತ್ತು.

ಪ್ರೊಬೇಶನ್ ಆಫೀಸರ್ ತೆಂಕಣ ಕಡೆಯ ಹೆಂಗಸು, ನನಗಿಂತ ಚಿಕ್ಕವರು. ಮಾತೆಲ್ಲ ಮಲಯಾಳದಲ್ಲಿ. ನಾನು ಓದಿದ್ದೇನು, ಕಲಿಸುವುದೇನು ಎಂದು ವಿಚಾರಿಸಿಕೊಂಡು ಕೊನೆಗೆ ನೇರವಾಗಿ ಕೇಳಿದರು: “ಅವನು ಮನೆಗೆ ಬಂದರೆ ನಿಮಗೆ ಹೆದರಿಕೆ ಇದೆಯೇ?”

ಭಾವ ಪಕ್ಕದ ಕುರ್ಚಿಯಲ್ಲಿದ್ದರು. ಪ್ರಶ್ನೆ ಅರ್ಥವಾಗಿ ನಕ್ಕರು. “ಹೆದರಿಕೆಯಾ? ಇವನಿಗಾ?”

“ಹೆದರಿಕೆ ಏನೂ ಇಲ್ಲ,” ಎಂದೆ. “ಆದರೆ ಅವನ ಹಿತಕ್ಕಾಗಿ ಇನ್ನೂ ಸ್ವಲ್ಪ ಸಮಯ ಅಲ್ಲಿಯೇ ಇರುವುದು ಒಳ್ಳೆಯದು. ಬಿದ್ದವನಿಗೆ ಹೊಡೆಯುವ ಮನಸ್ಸು ಒಂದೆರಡು ವಾರದಲ್ಲಿ ಬದಲಾಗುವುದಿಲ್ಲ.”

ಅವರು ತಲೆಯಾಡಿಸಿದರು, ಚಹಾ ಮುಗಿಸಿದರು, ಹೋದರು. ಅವರ ವರದಿಯಲ್ಲಿ ನನ್ನ ಮಾತಿನ ತೂಕ ಎಷ್ಟಿತ್ತೋ ನನಗೆ ಗೊತ್ತಿಲ್ಲ. ಹುಡುಗನನ್ನು ಆ ಸಲ ಮನೆಗೆ ಬಿಡಲಿಲ್ಲ.

ಬಾಲನ್ಯಾಯ ಮಂಡಳಿಯ ಮುಂದಿನ ಬೈಠಕ್ಕಿಗೆ ನನ್ನನ್ನು ಕರೆದರು. ಕಟಕಟೆ ಇಲ್ಲ, ಕರಿಕೋಟು ಇಲ್ಲ. ಉದ್ದ ಮೇಜು, ಪ್ಲಾಸ್ಟಿಕ್ ಕುರ್ಚಿ. ನಾನು ಪಾಠದಲ್ಲಿ ವರ್ಣಿಸುತ್ತಿದ್ದ ಹಾಗೆಯೇ ಇತ್ತು. ಹುಡುಗ ತಾಯಿಯ ಪಕ್ಕ ಕುಳಿತಿದ್ದ. ನಾನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದವನಿಗಿಂತ ಕುಳ್ಳ. ಏನು ನಡೆಯಿತೆಂದು ಹೇಳು ಎಂದಾಗ ಅವನು ಕನ್ನಡದಲ್ಲಿ, ಒಪ್ಪಿಸುವವನ ಧಾಟಿಯಲ್ಲಿ ಹೇಳಿದ: “ಹೆಲ್ಮೆಟ್ಟಿನಲ್ಲಿ ಹೊಡೆದೆ. ಬಿದ್ದ ಮೇಲೂ ಹೊಡೆದೆ. ಎರಡು ಸಲ.”

ಮೇಜಿನ ಆಚೆ ಕನ್ನಡ ಬಲ್ಲ ಸದಸ್ಯೆಯೊಬ್ಬರಿದ್ದರು. “ಎರಡು ಅಂತ ನಿನಗೆ ನೆನಪುಂಟಾ?”

“ನೆನಪಿಲ್ಲ ಮೇಡಂ.”

“ಮತ್ತೆ ಹೇಗೆ ಹೇಳ್ತೀ?”

“ಮಾಷ್ಟ್ರು ಹೇಳಿದ್ದಾರಲ್ಲ. ಅವರು ಸುಳ್ಳು ಹೇಳುದಿಲ್ಲ. ಕೌನ್ಸೆಲಿಂಗಿನಲ್ಲೂ, ಮಾಡಿದ್ದನ್ನೆಲ್ಲ ಒಪ್ಪಿಕೊಂಡ್ರೆ ಮಾತ್ರ ಬದಲಾಗ್ಲಿಕ್ಕೆ ಆಗ್ತದೆ ಅಂದ್ರು.”

ಭಾವನ ಬಾಯಿಯಲ್ಲಿ ಹುಟ್ಟಿದ್ದು ನನ್ನ ಬಾಯಿಗೆ ಬಂದು, ಪೊಲೀಸರ ಕಾಗದಕ್ಕೆ ಹೋಗಿ, ಈಗ ಆ ಹುಡುಗನ ತಲೆಯೊಳಗೆ ಕುಳಿತಿತ್ತು. ಅವನು ಮಾಡಿದ್ದರೂ ಮಾಡಿರಬಹುದು. ಅದನ್ನು ಇನ್ನು ಯಾರೂ ಬೇರ್ಪಡಿಸಿ ತೆಗೆಯಲಾರರು.

“ನನಗೂ ನೆನಪಿಲ್ಲ,” ಎಂದೆ. ಅವನ ಮಾತು ಮುಗಿದ ಕೂಡಲೇ ಹೇಳಿದೆನೆಂದು ನನ್ನ ನೆನಪು. ಜೊತೆಗೆ ಬಂದಿದ್ದ ಹೆಂಡತಿ ಹೇಳುವುದು ಬೇರೆ: ಆ ಸದಸ್ಯೆ ನನ್ನನ್ನು ಎರಡು ಸಲ ಕೇಳಿದರಂತೆ, ಮೊದಲ ಸಲ ನಾನು ನೀರು ಕುಡಿದೆನಂತೆ.

ಹೊರಗೆ ವರಾಂಡದಲ್ಲಿ ಪ್ರೊಬೇಶನ್ ಆಫೀಸರ್ ಸಿಕ್ಕಿದರು. ಸಿಟ್ಟಿನಿಂದಲ್ಲ, ದಣಿದವರ ಹಾಗೆ ಹೇಳಿದರು: “ಹೆದರಿಕೆ ಇದೆ ಎಂದಿದ್ದರೆ ಸುಲಭವಿತ್ತು. ಅವನನ್ನು ಅಡೂರಿನ ಮಾವನ ಮನೆಯಲ್ಲಿ ಇರಿಸಿ, ಪರೀಕ್ಷೆಗೆ ಮಾತ್ರ ಕರೆತರುವ ವ್ಯವಸ್ಥೆಗೆ ನಾನೇ ಬರೆಯುತ್ತಿದ್ದೆ. ಅದಕ್ಕೇ ಕೇಳಿದ್ದು. ನೀವು, ಅವನು ಅಲ್ಲಿಯೇ ಇದ್ದರೆ ಒಳ್ಳೆಯದು ಎಂದಿರಿ.”

ನಾನು ಏನು ಉತ್ತರಿಸಿದೆ ಎಂಬುದನ್ನು ಮರೆತಿದ್ದೇನೆ.

ಆಮೇಲೆ ಅವನನ್ನು ಬಿಟ್ಟರು, ಅಡೂರಿಗೇ ಹೋದ. ಮಾವ ನನ್ನನ್ನು ತಪ್ಪುಕಾಣಿಕೆಗೆ ಕರೆಯಲು ಬರಬಹುದೆಂದು ಕಾದೆ. ದೈವವನ್ನು ನಂಬದವನು ಗೇಟಿನ ಸದ್ದಿಗೆಲ್ಲ ತಲೆ ಎತ್ತುತ್ತಿದ್ದೆ. ಬಂದಿದ್ದರೆ ಹೋಗಿ ನಿಲ್ಲುತ್ತಿದ್ದೆ. ಬಹುಶಃ ಅವನು ಹೇಳಿ ಮುಗಿಸಿದ ಮೇಲೆ ನಾನೂ ಒಂದು ಮಾತು ಹೇಳುತ್ತಿದ್ದೆ. ಹೀಗೆ ಬರೆಯುವುದು ಸುಲಭ. ಯಾರೂ ಬರಲಿಲ್ಲ. ಭಾವ ಮಾತ್ರ, “ನೀನು ಅಲ್ಲಿ ಹಾಗೆ ಹೇಳಿ ನಮ್ಮ ಮಾನ ತೆಗೆದೆ” ಎಂದು ಒಂದು ತಿಂಗಳು ಮಾತು ಬಿಟ್ಟರು.

ಈ ಕಥೆಯನ್ನು ಬೇರೆಯವರಿಗೆ ಹೇಳುವಾಗಲೆಲ್ಲ ನಾನು ಒಂದು ವಾಕ್ಯ ಸೇರಿಸುತ್ತಿದ್ದೆ: ಏನೇ ಆಗಲಿ, ಒಳಗಿದ್ದುಕೊಂಡೇ ಅವನು ಪರೀಕ್ಷೆ ಬರೆದ, ಕಾನೂನಿನಲ್ಲಿ ಅದಕ್ಕೆ ಅವಕಾಶ ಉಂಟು. ಕೊನೆಯ ಬೆಂಚಿನಲ್ಲಿ ಅವನು ಬಗ್ಗಿ ಬರೆಯುವುದು, ವರಾಂಡದಲ್ಲಿ ಮಫ್ತಿಯ ಪೊಲೀಸನೊಬ್ಬ ಪತ್ರಿಕೆ ಓದುವುದು, ಇದೂ ನನಗೆ ಕಾಣುತ್ತಿತ್ತು. ನಾನು ಅವನ ಶಾಲೆಯೊಳಗೆ ಕಾಲಿಟ್ಟವನೇ ಅಲ್ಲ ಎಂದು ಹೊಳೆದ ದಿನ, ಅಲ್ಲಿ ಕಲಿಸುವ ಪರಿಚಯದವರಿಗೆ ಫೋನು ಮಾಡಿದೆ. ಅವರು ಆಫೀಸಿನಲ್ಲೂ ವಿಚಾರಿಸಿ ಮರುದಿನ ಹೇಳಿದರು. ಆ ವರ್ಷ ಅವನು ಪರೀಕ್ಷೆ ಬರೆದಿಲ್ಲ. ಪರೀಕ್ಷೆಗಳು ಮುಗಿದ ಮೇಲೆಯೇ ಅವನು ಹೊರಗೆ ಬಂದದ್ದು.