ಎಕ್ಸ್‌ರೇ ಕೋಣೆಯಲ್ಲಿ ಹೇಳಿದ ಸುಳ್ಳು

ಅಂದು ಬೆಳಿಗ್ಗೆಯೂ ಐದಕ್ಕೆ ಎದ್ದು ಡಿಪೋದಿಂದ ಹಾಲಿನ ಬಾಟಲಿ ತಂದೆ. ಡಿಕಾಕ್ಷನ್ ಇಳಿಯುವಷ್ಟರಲ್ಲಿ ಅತ್ತೆಯ ಒದ್ದೆ ಮಡಿಸೀರೆಯನ್ನು ಕೋಲಿನಿಂದ ಎತ್ತಿ, ಕೈ ತಾಗದಂತೆ ಗಳುವಿಗೆ ಹಾಕಿದೆ. ನಮ್ಮವರು ಆಗಲೇ ಹೋಟೆಲಿನ ಗಲ್ಲಾಪೆಟ್ಟಿಗೆಗೆ ಹೊರಟುಹೋಗಿದ್ದರು.

ಮೂರು ವರ್ಷದ ಮಗಳು ಒಂದು ತಿಂಗಳಿಂದ ಎಡಗಾಲು ಎಳೆಯುತ್ತಿದ್ದಳು. ಮಕ್ಕಳ ಆಸ್ಪತ್ರೆಯಲ್ಲಿ ಸೊಂಟದ ಎಕ್ಸ್‌ರೇಗೆ ಚೀಟಿ ಬರೆದುಕೊಟ್ಟಿದ್ದರು. ಮದರಾಸಿನ ವೆಸ್ಟ್ ಮಾಂಬಲಂನಿಂದ ಎಲೆಕ್ಟ್ರಿಕ್ ರೈಲಿನಲ್ಲಿ ಅತ್ತೆ, ನಾನು, ಮಗು ಹೋದೆವು. ನನಗಾಗ ಎರಡೂವರೆ ತಿಂಗಳು. ಹಿಂದೆ ಎರಡು ನಿಂತಿರಲಿಲ್ಲ. ಐದು ತುಂಬುವವರೆಗೆ ಯಾರಿಗೂ ಬಾಯಿ ಬಿಡಬಾರದು, ದೃಷ್ಟಿ ತಾಗುತ್ತದೆ ಎಂದು ಅತ್ತೆ ದೇವರ ದೀಪದ ಮುಂದೆ ನನ್ನಿಂದ ಮಾತು ತೆಗೆದುಕೊಂಡಿದ್ದರು. ತವರಿಗೂ ಕಾಗದ ಬರೆದಿರಲಿಲ್ಲ.

ಎಕ್ಸ್‌ರೇ ಕೋಣೆಯ ಕಿಟಕಿಗೆ ಕಪ್ಪು ಬಟ್ಟೆ ಬಡಿದಿದ್ದರು. ಮೇಲಿನಿಂದ ತೂಗುವ ಯಂತ್ರವನ್ನು ಕಂಡದ್ದೇ ಮಗು ಕಿರುಚತೊಡಗಿತು. ಯಾರಾದರೂ ಒತ್ತಿ ಹಿಡಿಯಲೇಬೇಕಿತ್ತು. ನರ್ಸ್ ಸಿಸ್ಟರ್ ನನ್ನತ್ತ ಬಾಗಿ ಇಂಗ್ಲಿಷಿನಲ್ಲಿ ಮೆಲ್ಲಗೆ ಒಂದು ಪ್ರಶ್ನೆ ಕೇಳಿದರು.

"ಎಂತ ಕೇಳ್ತಾಳೆ ಅವಳು?" ಎಂದರು ಅತ್ತೆ.

"ಬಸುರಿಯಾ ಅಂತ. ಹೌದಾದ್ರೆ ನಾನು ಹಿಡ್ಕೊಳ್ಬಾರದಂತೆ. ಈ ಕಿರಣ ಹೊಟ್ಟೆಯಲ್ಲಿರುವ ಮಗುವಿಗೆ ಒಳ್ಳೇದಲ್ಲಂತೆ. ನೀವು ಹಿಡ್ಕೊಳ್ತೀರಾ ಅತ್ತೆ?"

"ಯಾರ್ಯಾರೋ ಮಲಗಿದ ಮೇಜು. ಅದನ್ನು ಮುಟ್ಟಿ ನಾನು ಮತ್ತೆ ಮೀಯುದು ಎಲ್ಲಿ? ಇಲ್ಲ ಅಂತ ಹೇಳು."

"ಅತ್ತೆ, ಈ ಸಿಸ್ಟರೊಬ್ಬರಿಗೆ ಮಾತ್ರ ಹೇಳಿದ್ರೆ..."

"ಎರಡು ಹೋದದ್ದು ಸಾಲದಾ ನಿಂಗೆ?"

ನೋ ಸಿಸ್ಟರ್ ಎಂದೆ, ಕಾನ್ವೆಂಟಿನಲ್ಲಿ ಕಲಿಸಿದ ಹಾಗೆ ಎದುರಿನವರ ಕಣ್ಣು ನೋಡಿಕೊಂಡು. ಸಿಸ್ಟರ್ ನಂಬಿದರು.

ಒಂದು ಕೈಯಿಂದ ಮಗುವಿನ ಎದೆ, ಇನ್ನೊಂದರಿಂದ ಮೊಣಕಾಲು ಒತ್ತಿದೆ. ಮೇಜಿನ ತಣ್ಣನೆಯ ಅಂಚು ನನ್ನ ಕಿಬ್ಬೊಟ್ಟೆಗೆ ತಾಗುತ್ತಿತ್ತು. ಯಂತ್ರ ನಡೆಸುವವನು ಮರೆಯ ಹಿಂದೆ ಹೋದ; ಸಿಸ್ಟರ್ ಕೂಡ ಹೋದರು. ಅತ್ತೆ ಬಾಗಿಲಾಚೆ ಸೆರಗು ಬಿಗಿಹಿಡಿದು ನಿಂತಿದ್ದರು. ಮಗು ನನ್ನ ಮಣಿಕಟ್ಟು ಕಚ್ಚಿತು. ಕಾಲು ಅಲುಗಿತೆಂದು ಇನ್ನೊಮ್ಮೆ ತೆಗೆದರು. ಆಮೇಲೆ ಮತ್ತೊಮ್ಮೆ. ಮೂರನೆಯ ಸಲ ಅವಳು ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು. ಇಳಿಸಿದ ಮೇಲೆ ನನ್ನ ಕೈಗೆ ಬರಲಿಲ್ಲ. ಅಜ್ಜಿಯ ಕಡೆಗೆ ಹೋದಳು, ಅಜ್ಜಿ ಎರಡು ಹೆಜ್ಜೆ ಹಿಂದೆ ಸರಿದರು. "ಮನೆಗೆ ಹೋಗಿ ಮಿಂದ ಮೇಲೆ, ಪುಟ್ಟೀ."

ಸಂಜೆ ಬಟ್ಟೆ ತೆಗೆಯಲು ಹೊರಗೆ ಬಂದಾಗ ಪಕ್ಕದ ಮನೆಯ ಅಯ್ಯಂಗಾರ್ ಮಾಮಿ ಸಿಕ್ಕರು. ಮೂರು ತಲೆಮಾರಿನಿಂದ ಮದರಾಸಿನಲ್ಲಿದ್ದವರು, ಅವರ ಕನ್ನಡದಲ್ಲಿ ಅರ್ಧ ತಮಿಳೇ.

"ಏನಮ್ಮಾ, ಕೊಳಂದೆ ಕಾಲಿಗೆ ಏನಂದ್ರು ಡಾಕ್ಟ್ರು?"

"ಸೋಮವಾರ ಹೇಳ್ತಾರಂತೆ ಮಾಮಿ."

"ಎಲ್ಲಾ ಸರಿಯಾಗೋಗತ್ತೆ, ವಿಡು." ಮಾಮಿ ಗೋಡೆಯ ಮೇಲಿನಿಂದ ಒಂದು ಬಟ್ಟಲು ದಾಟಿಸಿದರು. "ನಾರ್ತಂಗಾಯ್ ಉಪ್ಪಿನಕಾಯಿ, ವಾಯಿಗೆ ರುಚಿಯಾಗಿರತ್ತೆ. ಮೂರನೇ ತಿಂಗಳು ಅಂತ ನಿಮ್ಮತ್ತೆ ಹೋದ ವಾರವೇ ನಮ್ಮ ಬೀದಿಯಲ್ಲಿ ಎಲ್ಲಾರಿಗೂ ಹೇಳಿಯಾಯ್ತಲ್ಲ."